ಎಡೆದೊರೆ ನಾಡಿನಲ್ಲಿ ಬಾಲ್ಯ: ಗಂಡಾಂತರ ಮತ್ತು ತಾಳಿಕೆಯ ಚರಿತ್ರೆ
(ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವನ್ನು ಅನುಲಕ್ಷಿಸಿ)

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಈ ನಾಡಿನ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನೊಂದು ರಣಭೂಮಿಯಾಗಿಯೇ ಕಂಡಿದ್ದಾರೆ. ಮಸ್ಕಿಯೆಂದು ಗುರುತಿಸಲಾಗಿರುವ ಮುಸಂಗಿಯಲ್ಲಿ ನಡೆದ ಚೋಳ-ಚಾಳುಕ್ಯರ ಕಾಳಗ, ವಿಜಯನಗರ ಮತ್ತು ಬಹಮನಿ ಅರಸರ ಹಗೆತನ, 1520ರ ರಾಯಚೂರು ಕದನ, ಮುದಗಲ್ಲ ಕೋಟೆಯ ಮೇಲಿನ ಮುತ್ತಿಗೆಗಳು ಇವೆಲ್ಲವೂ ವಿದ್ವಾಂಸರ ಗಮನ ಸೆಳೆದಿವೆ. ಈ ನೆಲದಲ್ಲಿ ಹುಟ್ಟಿದ ಕೂಸೊಂದು ಐದು ವರ್ಷ ತುಂಬುವವರೆಗೆ ಉಳಿಯುವುದು ಎಷ್ಟು ಕಠಿಣವಾಗಿತ್ತು, ಉಳಿದ ಕೂಸನ್ನು ಉಳಿಸಿದವರು ಯಾರು, ಅದಕ್ಕಾಗಿ ಅವರು ತೆತ್ತದ್ದೇನು ಎಂಬ ಪ್ರಶ್ನೆಗಳು ಮಾತ್ರ ಚರಿತ್ರೆಯ ಅಂಗಳಕ್ಕೆ ಬಂದದ್ದು ಕಡಿಮೆ. ಆ ಪ್ರಶ್ನೆಗಳನ್ನು ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಮೂರು ಊರುಗಳನ್ನು ಒಟ್ಟಿಗೆ ನೋಡುವುದಕ್ಕೆ ಆಡಳಿತದ ಕಾರಣವೂ ಇದೆ. 2018ರಲ್ಲಿ ಅಸ್ತಿತ್ವಕ್ಕೆ ಬಂದ ಮಸ್ಕಿ ತಾಲ್ಲೂಕು ರೂಪುಗೊಂಡದ್ದು ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದ.

ಮಕ್ಕಳ ಬೆಳವಣಿಗೆಯನ್ನು ಕುರಿತ ಆಧುನಿಕ ಅಧ್ಯಯನಗಳಲ್ಲಿ ‘ಗಂಡಾಂತರ’ ಮತ್ತು ‘ತಾಳಿಕೆ’ ಎಂಬ ಎರಡು ಪರಿಕಲ್ಪನೆಗಳು ಜೊತೆಜೊತೆಯಾಗಿ ಬರುತ್ತವೆ. ಬಡತನ, ರೋಗ, ತಂದೆತಾಯಿಗಳ ಅಗಲಿಕೆ ಮೊದಲಾದವು ಗಂಡಾಂತರಗಳು. ಅವುಗಳನ್ನು ಎದುರಿಸಿಯೂ ಮಗು ನೆಟ್ಟಗೆ ಬೆಳೆಯುವುದು ತಾಳಿಕೆ. ಹವಾಯಿ ದ್ವೀಪಸಮೂಹದ ಕೌವಾಯಿ ಎಂಬಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ನಡೆಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಅನೇಕ ಗಂಡಾಂತರಗಳ ನಡುವೆ ಹುಟ್ಟಿದ ಮಕ್ಕಳಲ್ಲಿಯೂ ಮೂರನೆಯ ಒಂದು ಭಾಗದಷ್ಟು ಮಂದಿ ಸಮರ್ಥರೂ ಅಂತಃಕರಣವುಳ್ಳವರೂ ಆದ ವಯಸ್ಕರಾಗಿ ಬೆಳೆದರೆಂಬುದು ಅವರ ಕಾಣ್ಕೆ. ಅಂಥ ಮಕ್ಕಳ ಬದುಕಿನಲ್ಲಿ ನೆಚ್ಚಬಹುದಾದ ಒಬ್ಬರಾದರೂ ಹಿರಿಯರಿದ್ದರು. ಅನೇಕ ವೇಳೆ ಆ ಹಿರಿಯರು ತಂದೆತಾಯಿಗಳಾಗಿರದೆ ಅಜ್ಜ-ಅಜ್ಜಿಯೋ ಒಡಹುಟ್ಟಿದವರೋ ಆಗಿದ್ದರು. ಅದೇ ದಶಕದಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯ ಮೂಲಕ ನಮ್ಮ ನಾಡಿನ ಒಂದು ತಲೆಮಾರಿನ ಮಕ್ಕಳ ಬದುಕನ್ನು ಬದಲಿಸತೊಡಗಿತ್ತು. ಆ ಮಕ್ಕಳನ್ನು ಹಾಗೆ ಹಿಂಬಾಲಿಸಿದವರು ಯಾರೂ ಇರಲಿಲ್ಲ. ಆದ್ದರಿಂದ ನಾವು ಪರೋಕ್ಷವಾದ ಆಧಾರಗಳನ್ನೇ ಅವಲಂಬಿಸಬೇಕಾಗಿದೆ.

ಅಂಥ ಆಧಾರಗಳಲ್ಲಿ ಅತ್ಯಂತ ಹಳೆಯದು ನೆಲದ ಅಡಿಯಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲ ಬಳಿಯ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಅವರೂ 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ಅವರೂ ನಡೆಸಿದ ಉತ್ಖನನಗಳಿಂದ ಈ ಭಾಗದ ನವಶಿಲಾಯುಗದ ಬದುಕಿನ ಪರಿಚಯ ನಮಗಾಗಿದೆ. ದನಕರುಗಳನ್ನು ಸಾಕಿಕೊಂಡು, ಬಂಡೆಗಳ ಆಸರೆಯಲ್ಲಿ ಮನೆ ಕಟ್ಟಿಕೊಂಡು ಬದುಕಿದ ಜನ ಅವರು. ದಕ್ಷಿಣದ ನವಶಿಲಾ ಸಂಸ್ಕೃತಿಯ ನೆಲೆಗಳಲ್ಲಿ, ವಿಶೇಷವಾಗಿ 1947ರಲ್ಲಿ ವೀಲರ್ ಅಗೆದ ಬ್ರಹ್ಮಗಿರಿಯಲ್ಲಿ, ಸತ್ತ ಹಿರಿಯರನ್ನು ಗುಂಡಿಗಳಲ್ಲಿ ಮಲಗಿಸಿದರೆ ಶಿಶುಗಳನ್ನು ಮಡಕೆಗಳಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುತ್ತಿದ್ದರು. ಸತ್ತ ಕೂಸನ್ನು ಊರಿನಾಚೆಗೆ ಕಳುಹಿಸದೆ ತಮ್ಮ ಬಳಿಯಲ್ಲೇ ಇರಿಸಿಕೊಂಡ ಈ ಪದ್ಧತಿಯ ಅರ್ಥವೇನೆಂಬುದರ ಬಗೆಗೆ ಊಹೆಗಳು ಹಲವು. ಮಡಕೆಯು ಗರ್ಭದ ಸಂಕೇತವೆಂಬ ವಿವರಣೆ ಆಕರ್ಷಕವಾದರೂ ಅದನ್ನು ಸಾಧಿಸುವುದು ಕಷ್ಟ. ಶಿಶುಮರಣ ಎಷ್ಟು ನಿತ್ಯದ ಸಂಗತಿಯಾಗಿತ್ತೆಂದರೆ ಅದಕ್ಕೊಂದು ಪ್ರತ್ಯೇಕ ವಿಧಿಯೇ ಬೇಕಾಯಿತು ಎಂದಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಮಸ್ಕಿಯ ಹೆಸರು ಬಂದೊಡನೆ ಅಶೋಕನ ನೆನಪಾಗದಿರದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಈ ಶಾಸನವು ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಲಭ್ಯವೆಂಬ ಆಶಯ ಅದರಲ್ಲಿದೆ. ಅಲ್ಲಿ ಸಣ್ಣವರೆಂದರೆ ಅಂತಸ್ತಿನಲ್ಲಿ ಸಣ್ಣವರು, ಮಕ್ಕಳಲ್ಲ. ಪ್ರಭುತ್ವದ ದಾಖಲೆಗಳಲ್ಲಿ ಮಗು ಮಗುವಾಗಿ ಕಾಣಿಸಿಕೊಳ್ಳಲು ಇನ್ನೂ ಎರಡು ಸಾವಿರ ವರ್ಷಗಳಷ್ಟು ಕಾಯಬೇಕಾಯಿತು.

ಕಾಣಿಸಿಕೊಂಡದ್ದಾದರೂ ಬರಗಾಲದ ಕಡತಗಳಲ್ಲಿ. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಜನ ನೆನಪಿಟ್ಟುಕೊಂಡ 1876-78ರ ಮಹಾಕ್ಷಾಮವು ಮೈಸೂರು, ಬಳ್ಳಾರಿ, ಮುಂಬಯಿ ಕರ್ನಾಟಕ ಮತ್ತು ನಿಜಾಮ ರಾಜ್ಯದ ಕನ್ನಡ ಪ್ರದೇಶಗಳನ್ನು ಒಟ್ಟಿಗೇ ಹಿಂಡಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷವನ್ನು ಮೀರಿದ್ದುದು 1881ರಲ್ಲಿ 42 ಲಕ್ಷದ ಒಳಗೆ ಇಳಿಯಿತು. ಎರಡು ಗಣತಿಗಳ ನಡುವಣ ಈ ಕುಸಿತದಿಂದ ಅಲ್ಲಿನ ಸಾವಿನ ಅಂದಾಜು ನಮಗೆ ಸಿಗುತ್ತದೆ. ನದಿಯಾಚೆಯ ಎಡೆದೊರೆ ನಾಡಿನ ಸ್ಥಿತಿ ಬೇರೆ. ನಿಜಾಮ ರಾಜ್ಯದಲ್ಲಿ ಮೊತ್ತಮೊದಲ ಜನಗಣತಿ ನಡೆದದ್ದೇ 1881ರಲ್ಲಿ, ಅಂದರೆ ಬರ ಮುಗಿದ ಮೇಲೆ. ಆಗ ಲಿಂಗಸುಗೂರು ಒಂದು ಪ್ರತ್ಯೇಕ ಜಿಲ್ಲೆ. 1853ರ ಒಪ್ಪಂದದಂತೆ ದೋಆಬ್ ಪ್ರದೇಶ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಹಿಂದಿರುಗಿತ್ತು. ಲಿಂಗಸುಗೂರು ಜಿಲ್ಲೆ ರಾಯಚೂರಿನಲ್ಲಿ ವಿಲೀನವಾದದ್ದು 1905ರಲ್ಲಿ. ಲೆಕ್ಕ ಆರಂಭವಾಗುವ ಮೊದಲೇ ಸತ್ತವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬರದಲ್ಲಿ ಮೊದಲು ಸಾಯುವವರು ಎಳೆಯರು ಮತ್ತು ಮುದುಕರು ಎಂಬುದನ್ನು ನೆನೆದರೆ, ಈ ನಾಡಿನ ಒಂದು ತಲೆಮಾರಿನ ಕೂಸುಗಳು ಅಂಕಿಯಾಗಿಯೂ ಉಳಿಯದೆ ಹೋದವೆಂಬುದು ಸ್ಪಷ್ಟವಾಗುತ್ತದೆ. ಬರಗಾಲದ ಕಾನೂನುಗಳಲ್ಲಿ ಅನಾಥ ಮಕ್ಕಳ ಪಾಲನೆಯ ವಿಚಾರ ಸೇರಿದ್ದು 1880ರ ಕ್ಷಾಮ ಆಯೋಗದ ವರದಿಯ ತರುವಾಯ.

ಬರ ಆಗೊಮ್ಮೆ ಈಗೊಮ್ಮೆ ಬರುವ ಗಂಡಾಂತರ. ಆದರೆ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಗಂಡಾಂತರವೊಂದಿತ್ತು. ಚರಿತ್ರಕಾರರು ಅದನ್ನು ಗಮನಿಸಿದ್ದು ತೀರ ಕಡಿಮೆಯಾದುದರಿಂದ ಇಲ್ಲಿ ತುಸು ವಿಸ್ತಾರವಾಗಿ ಹೇಳುವುದು ಅಗತ್ಯ. ಅದು ನಾರುಹುಣ್ಣು. ಉತ್ತರ ಕರ್ನಾಟಕದ ಒಣಸೀಮೆಯಲ್ಲಿ ಕುಡಿಯುವ ನೀರಿನ ಮುಖ್ಯ ಆಸರೆ ಮೆಟ್ಟಿಲು ಬಾವಿ. ಜನ ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು ಕೊಡ ತುಂಬುತ್ತಿದ್ದರು. ಕಾಲಿನ ಹುಣ್ಣಿನಿಂದ ನೀರಿಗಿಳಿದ ಮರಿಹುಳುಗಳನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನೀರುಚಿಗಟಗಳು ನುಂಗುತ್ತಿದ್ದವು. ಆ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಹುಳು ಸುಮಾರು ಒಂದು ವರ್ಷ ಬೆಳೆದು, ಮೊಳಕ್ಕೂ ಮಿಗಿಲಾಗಿ ಉದ್ದವಾಗಿ, ಬಹುಮಟ್ಟಿಗೆ ಕಾಲಿನ ಚರ್ಮವನ್ನೇ ಸೀಳಿಕೊಂಡು ಹೊರಬರುತ್ತಿತ್ತು. ಅದಕ್ಕೆ ಔಷಧಿಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವುದೊಂದೇ ಉಪಾಯ. ಹರಿದರೆ ಕೀವಾಗಿ ತಿಂಗಳುಗಟ್ಟಲೆ ನರಳಬೇಕು.

ಇದರಿಂದ ಸಾಯುವವರು ವಿರಳವಾದುದರಿಂದಲೋ ಏನೋ, ಇದನ್ನೊಂದು ದೊಡ್ಡ ಪಿಡುಗೆಂದು ಹೊರಗಿನವರು ಎಣಿಸಲಿಲ್ಲ. ಮಗುವಿನ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಕೂಲಿಗೆ ಹೋಗಬೇಕಾದ ತಾಯಿ ಕಾಲು ಊರಲಾರದೆ ಮಲಗಿದರೆ ಮನೆಯ ಗಳಿಕೆ ನಿಲ್ಲುತ್ತದೆ. ಎದ್ದು ಅಡುಗೆ ಮಾಡುವವರಿಲ್ಲ, ಕೂಸಿಗೆ ಉಣಿಸುವವರಿಲ್ಲ. ಆಗ ಆ ಕೆಲಸವೆಲ್ಲ ಎಂಟು-ಹತ್ತು ವರ್ಷದ ಹುಡುಗಿಯ ತಲೆಗೆ ಬರುತ್ತದೆ. ಒಬ್ಬರ ಕಾಲಿನ ಹುಣ್ಣು ಮೂವರ ಬಾಲ್ಯವನ್ನು ಹೀಗೆ ಕೆಡಿಸಬಲ್ಲದಾಗಿತ್ತು. 1980ರ ದಶಕದ ಆರಂಭದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ಮೂಲಕ ಮೆಟ್ಟಿಲು ಬಾವಿಗಳ ಬಳಕೆ ನಿಂತು, ಕೊಳವೆ ಬಾವಿಗಳು ಬಂದವು. ಬಟ್ಟೆಯಲ್ಲಿ ನೀರು ಸೋಸುವ ಅಭ್ಯಾಸ ಹರಡಿತು. ದೇಶದ ಕಡೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದಲ್ಲಿ ಭಾರತವನ್ನು ರೋಗಮುಕ್ತವೆಂದು ಸಾರಲಾಯಿತು. ಯಾವ ಮಗುವಿನ ಅಸಾಧಾರಣ ಗುಣದಿಂದಲೂ ಇದು ಸಾಧ್ಯವಾದದ್ದಲ್ಲ, ಬಾವಿ ಬದಲಾದುದರಿಂದ ಆದದ್ದು. ತಾಳಿಕೆಯು ಅಪೂರ್ವ ಶಕ್ತಿಯಲ್ಲ, ಸಾಮಾನ್ಯ ವ್ಯವಸ್ಥೆಗಳು ಸರಿಯಾಗಿ ನಡೆದಾಗ ತಾನಾಗಿ ಒದಗುವಂಥದು ಎಂದು ಆ್ಯನ್ ಮಾಸ್ಟನ್ ಎಂಬ ಮನೋವಿಜ್ಞಾನಿ 2001ರಲ್ಲಿ ಪ್ರತಿಪಾದಿಸಿದ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆದರೂ ಕೊಳವೆ ಬಾವಿ ತನ್ನದೇ ಆದ ಸಂಕಟವನ್ನು ತಂದಿತು. ಜಿಲ್ಲೆಯ ಹಲವೆಡೆ ಆಳದ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದ್ದು, ಕಂದು ಗೆರೆ ಬಿದ್ದ ಮಕ್ಕಳ ಹಲ್ಲುಗಳು ಅದಕ್ಕೆ ಸಾಕ್ಷಿಯಾದವು.

ನೀರಿನ ಮಾತಿನಿಂದ ಕಾಲುವೆಯ ಕಡೆಗೆ ಬರೋಣ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಯ ಎರೆಭೂಮಿಯನ್ನು ಗದ್ದೆಯಾಗಿಸಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ಅಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಬಂಗಾಳಿಯನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದರು. ಪೌರತ್ವದ ಕಾಗದಪತ್ರಗಳ ತೊಡಕು ಕೆಲವು ಕುಟುಂಬಗಳನ್ನು 2024ರವರೆಗೂ ಬಿಡಲಿಲ್ಲ. ಈ ಮಕ್ಕಳ ಕುರಿತು ಪ್ರತ್ಯೇಕ ಅಧ್ಯಯನವೇ ಆಗಬೇಕು.

ಅದೇ ವೇಳೆಗೆ ಮಸ್ಕಿ ಮತ್ತು ಲಿಂಗಸುಗೂರಿನ ಬಹುಭಾಗ ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. ನಾರಾಯಣಪುರ ಬಲದಂಡೆ ಕಾಲುವೆಯಿಂದ ಲಿಂಗಸುಗೂರಿನ ಕೆಲವು ಹಳ್ಳಿಗಳಿಗೆ ನೀರು ಬಂದದ್ದು ತಡವಾಗಿ. 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020ರಲ್ಲಿ ಆರಂಭಿಸಿದ ಧರಣಿ ತಿಂಗಳುಗಟ್ಟಲೆ ನಡೆಯಿತು. ಹೀಗೆ ನೆರೆಹೊರೆಯ ತಾಲ್ಲೂಕುಗಳಲ್ಲಿ ಎರಡು ಬಗೆಯ ಬಾಲ್ಯಗಳು ರೂಪುಗೊಂಡವು. ಆದರೆ ನೀರಾವರಿಯ ಸೀಮೆಯ ಮಕ್ಕಳು ಸುಖಿಗಳು, ಒಣಸೀಮೆಯವರು ದುಃಖಿಗಳು ಎಂದು ಸರಳವಾಗಿ ವಿಂಗಡಿಸುವುದು ಸರಿಯಲ್ಲ. ಭತ್ತದ ನಾಟಿ ಹೆಣ್ಣಾಳುಗಳ ಕೆಲಸ. ನಾಟಿಯ ಕಾಲದಲ್ಲಿ ಎದೆಹಾಲು ಕುಡಿಯುವ ಕೂಸಿನ ತಾಯಿಯೂ ನಸುಕಿನಲ್ಲೇ ಕೆಸರಿಗಿಳಿಯಬೇಕಾಗುತ್ತಿತ್ತು. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯದ ಊಟದ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬಂದಾಗ ಹೊಟ್ಟೆ ತುಂಬಿತು. ಪೌಷ್ಟಿಕತೆ ಅದೇ ಪ್ರಮಾಣದಲ್ಲಿ ಹೆಚ್ಚಿತೆನ್ನಲಾಗದು. ಹಾಗೆಂದು ಹಳೆಯ ಊಟವನ್ನು ವೈಭವೀಕರಿಸುವಂತೆಯೂ ಇಲ್ಲ. ಬರಿಯ ಜೋಳವನ್ನೇ ನಂಬಿದ ದಖ್ಖನ್ನಿನ ಬಡವರಲ್ಲಿ ಕಂಡುಬರುತ್ತಿದ್ದ ಪೆಲಾಗ್ರ ಎಂಬ ಚರ್ಮರೋಗದ ಕಾರಣವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಶೋಧಿಸತೊಡಗಿದ್ದರು.

ಒಣಸೀಮೆಯ ಬಾಲ್ಯವನ್ನು ಅರಿಯಲು ‘ಗುಳೆ’ ಎಂಬ ಒಂದು ಪದ ಸಾಕು. ಹಿಂಗಾರು ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಗೋವೆಗಳ ಕಟ್ಟಡದ ಕೆಲಸಕ್ಕೆ ಹೊರಡುವುದು ಇಲ್ಲಿನ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ, ಸಣ್ಣ ರೈತರಲ್ಲಿ ವಾಡಿಕೆಯಾಗಿದೆ. ಹೊರಡುವ ತಂದೆತಾಯಿಗಳ ಮುಂದೆ ಆಯ್ಕೆಗಳು ಎರಡು. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟರೆ ಶಾಲೆ ಉಳಿಯುತ್ತದೆ, ತಾಯಿ ದೂರವಾಗುತ್ತಾಳೆ. ಒಯ್ದರೆ ತಾಯಿ ಉಳಿಯುತ್ತಾಳೆ, ಶಾಲೆ ಹೋಗುತ್ತದೆ. ಬಹಳಷ್ಟು ಕುಟುಂಬಗಳು ಕಂಡುಕೊಂಡ ಮೂರನೆಯ ದಾರಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಗಂಡುಮಗನನ್ನು ಶಾಲೆಗಾಗಿ ಅಜ್ಜಿಯ ಬಳಿ ಬಿಟ್ಟು, ಎಳೆಯ ಕೂಸನ್ನೂ ಅದನ್ನಾಡಿಸಲು ದೊಡ್ಡ ಮಗಳನ್ನೂ ಜೊತೆಗೆ ಒಯ್ಯುವುದು. ಅಜ್ಜಿಯಿಂದ ಒಬ್ಬನಿಗೆ, ಅಕ್ಕನಿಂದ ಇನ್ನೊಂದಕ್ಕೆ ರಕ್ಷಣೆ ಸಿಕ್ಕಿತು. ಅಕ್ಕನಿಗೆ ಯಾರಿಂದ ಸಿಕ್ಕಿತು?

ಕೌವಾಯಿ ಅಧ್ಯಯನದ ಕಾಣ್ಕೆಯನ್ನು ನಮ್ಮ ನೆಲಕ್ಕೆ ಅನ್ವಯಿಸುವಾಗ ಎಚ್ಚರ ಬೇಕಾದದ್ದು ಇಲ್ಲಿಯೇ. ಒಡಹುಟ್ಟಿದವರ ಆರೈಕೆ ಮಗುವನ್ನು ಉಳಿಸಿತೆಂಬುದು ನಿಜ. ಮನೆಯ ಹೊಣೆ ಹೊರುವುದರಿಂದ ಹೊತ್ತವರಿಗೂ ಒಂದು ಬಗೆಯ ಆತ್ಮವಿಶ್ವಾಸ ಬಂತೆಂದು ಆ ವಿದ್ವಾಂಸರು ಗುರುತಿಸಿದ್ದನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಆ ದ್ವೀಪದ ಹುಡುಗಿ ತಮ್ಮನನ್ನು ನೋಡಿಕೊಂಡೂ ಶಾಲೆಗೆ ಹೋಗಬಹುದಾಗಿತ್ತು. ಮಸ್ಕಿಯ ಹಳ್ಳಿಯ ಹುಡುಗಿಗೆ ಕಂಕುಳ ಕೂಸು ಮತ್ತು ಪಾಟಿಚೀಲ ಎರಡರಲ್ಲಿ ಒಂದೇ ದಕ್ಕುವಂತಿತ್ತು. 2001ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಪುರುಷರ ಸಾಕ್ಷರತೆ ಶೇಕಡಾ 61ನ್ನು ಮೀರಿದ್ದರೆ ಮಹಿಳೆಯರದು ಶೇಕಡಾ 36ನ್ನೂ ಮುಟ್ಟಿರಲಿಲ್ಲ. ಈ ಅಂತರಕ್ಕೆ ಬಾಲ್ಯವಿವಾಹ, ಶಾಲೆಯ ದೂರ, ನಿಜಾಮರ ಕಾಲದಲ್ಲಿ ಮೇಲಿನ ತರಗತಿಗಳು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಕನ್ನಡದ ಮನೆಗಳಿಗೆ ಶಾಲೆ ಪರಕೀಯವಾಗಿ ಉಳಿದದ್ದು ಮೊದಲಾದ ಕಾರಣಗಳನ್ನು ಕೊಡುವುದುಂಟು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಂಥ ಪ್ರಯತ್ನಗಳು ಮಾದರಿಯಾಗಿದ್ದರೂ ಅವು ಹಳ್ಳಿಯ ಹೆಣ್ಣುಮಕ್ಕಳನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ಈ ಕಾರಣಗಳ ಪಟ್ಟಿಗೆ ಕೂಸಾಡಿಸುವ ಕೆಲಸವನ್ನೂ ಸೇರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಿಂದ ಮನೆಗೆ ಮಗುವಿನ ತಾಳಿಕೆಯೆಂದು ನಾವು ಹೊಗಳುವುದು ಅನೇಕ ಬಾರಿ ಅಕ್ಕನ ಖಾತೆಯಿಂದ ತೆಗೆದದ್ದು.

ಹತ್ತಿಬೀಜದ ಹೊಲಗಳಲ್ಲಿಯೂ ಇದೇ ಹುಡುಗಿಯನ್ನು ಕಾಣುತ್ತೇವೆ. 1970ರ ದಶಕದಲ್ಲಿ ಗುಜರಾತಿನ ಎಚ್-4 ಮತ್ತು ಧಾರವಾಡದ ವರಲಕ್ಷ್ಮಿ ತಳಿಗಳ ಮೂಲಕ ಹೈಬ್ರಿಡ್ ಹತ್ತಿ ಬಂತು. ಆ ಬೀಜವನ್ನು ಉತ್ಪಾದಿಸಲು ಸಂಜೆ ಮೊಗ್ಗಿನ ಗಂಡುಭಾಗವನ್ನು ಕೈಯಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಹೂವುಹೂವಿಗೂ ತಾಗಿಸಬೇಕು. ಗಿಡದ ಎತ್ತರಕ್ಕೆ ಸರಿಯಾದ, ಕಡಿಮೆ ಕೂಲಿಯ ಕೈಗಳೆಂದು ಹುಡುಗಿಯರನ್ನೇ ಆರಿಸಲಾಯಿತು. ತಂದೆಗೆ ಮುಂಗಡ ಕೊಟ್ಟು ಮಗಳ ಹಂಗಾಮನ್ನು ಕೊಳ್ಳುವ ಪದ್ಧತಿ ಆಂಧ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬೆಳೆಯಿತು. 1986ರ ಬಾಲಕಾರ್ಮಿಕ ಕಾಯ್ದೆಯ ಅಪಾಯಕಾರಿ ಉದ್ಯೋಗಗಳ ಕಲ್ಪನೆ ಬೆಂಕಿಪೊಟ್ಟಣ, ಗಣಿ, ಬೀಡಿಗಳ ಸುತ್ತಲೇ ಇದ್ದುದರಿಂದ ಹೊಲದ ಹುಡುಗಿ ಅದರ ಕಣ್ಣಿಗೆ ಬೀಳಲಿಲ್ಲ. 2016ರ ತಿದ್ದುಪಡಿಯು ಹದಿನಾಲ್ಕರ ಒಳಗಿನ ದುಡಿಮೆಯನ್ನು ನಿಷೇಧಿಸಿದರೂ ಸ್ವಂತ ಕುಟುಂಬದ ಕೆಲಸಕ್ಕೆ ಶಾಲೆಯ ಅವಧಿಯಾಚೆ ವಿನಾಯಿತಿ ಉಳಿಸಿತು.

ದೇವದಾಸಿ ತಾಯಂದಿರ ಮಕ್ಕಳ ಗಂಡಾಂತರ ಬೇರೆ ಬಗೆಯದು. ಹುಲಿಗೆಮ್ಮ, ಎಲ್ಲಮ್ಮರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಿಯ ಮಗುವಿಗೆ ತಂದೆಯ ಹೆಸರಿಲ್ಲ. ಶಾಲೆಯ ದಾಖಲಾತಿ ಪುಸ್ತಕದ ಒಂದು ಕಲಂ ಆ ಮಗುವಿನ ಪಾಲಿಗೆ ಪ್ರತಿವರ್ಷದ ಅವಮಾನವಾಗುತ್ತಿತ್ತು. ನಿಷೇಧದ ಕಾಯ್ದೆ 1982ರಲ್ಲಿಯೇ ಆಗಿದ್ದರೂ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಕುಟುಂಬಗಳಲ್ಲಿ ತಾಯಿ, ಅಜ್ಜಿ, ಚಿಕ್ಕಮ್ಮಂದಿರು ಒಂದೇ ಸೂರಿನಡಿ ಇರುವುದು ಹೆಚ್ಚು. ಮಗುವಿಗೆ ನೆಚ್ಚುವ ಹಿರಿಯರ ಕೊರತೆ ಇಲ್ಲಿ ಇರಲಿಲ್ಲ, ಇದ್ದ ಕೊರತೆ ಊರಿನ ಮನ್ನಣೆಯದು. ಆ ಕೊರತೆಗೆ ಉತ್ತರವಾಗಿ ತಂದೆಯ ಹೆಸರನ್ನು ಕೇಳುವಂತಿಲ್ಲವೆಂಬ ಅಂಶವುಳ್ಳ ಹೊಸ ವಿಧೇಯಕವನ್ನು ರಾಜ್ಯ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿತು.

ಪ್ರಭುತ್ವವು ಮಗುವಿನ ಊಟವನ್ನು ತನ್ನ ಹೊಣೆಯೆಂದು ಒಪ್ಪಿದ್ದು ಈ ಚರಿತ್ರೆಯ ಮಹತ್ವದ ತಿರುವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದರ ಪ್ರಯೋಗಭೂಮಿಯಾದದ್ದು ತಿ.ನರಸೀಪುರ. ರಾಯಚೂರು ಸೀಮೆಯ ಅಂಗನವಾಡಿಗಳು ಅನಂತರದವು. 1995ರಿಂದ ಶಾಲೆಯ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಡುವ ಪದ್ಧತಿ ಬಂತು. ಮನೆಗೆ ಹೋದ ಧಾನ್ಯ ಮನೆಯವರೆಲ್ಲರ ಹೊಟ್ಟೆಗೆ ಹಂಚಿಹೋಗುತ್ತಿತ್ತು. ಬೇಯಿಸಿದ ಊಟವನ್ನೇ ನೀಡಬೇಕೆಂದು 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ ತರುವಾಯ, 2002ರ ಜೂನ್‌ನಲ್ಲಿ ಅಕ್ಷರ ದಾಸೋಹವು ರಾಯಚೂರು ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾಯಿತು. ಅದೇ ವರ್ಷ ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ ಪ್ರಾದೇಶಿಕ ಅಸಮತೋಲನವನ್ನು ಅಂಕಿಗಳಲ್ಲಿ ತೋರಿಸಿತ್ತು. ಶಾಲೆಯಲ್ಲೇ ಬೆಂದ ಅನ್ನ ಶಾಲೆಗೆ ಬಂದವರ ಹೊಟ್ಟೆಗೇ ಸೇರುತ್ತದೆ. ಅಕ್ಕ ಶಾಲೆಗೆ ಬಂದರೆ ಅವಳಿಗೂ ಊಟವುಂಟು ಎಂಬ ಲೆಕ್ಕ ಕೆಲವು ಮನೆಗಳ ತೀರ್ಮಾನವನ್ನಾದರೂ ಬದಲಿಸಿರಬೇಕು. 2011ರ ವೇಳೆಗೆ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡಾ 48ನ್ನು ದಾಟಿತು.

ಆದರೆ ಅದೇ 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ರಾಜ್ಯವನ್ನೇ ಬೆಚ್ಚಿಬೀಳಿಸುವ ಸುದ್ದಿಯಾಯಿತು. ಉಚ್ಚ ನ್ಯಾಯಾಲಯದ ಮಧ್ಯಪ್ರವೇಶದಿಂದ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ ರಚನೆಯಾಗಿ 2012ರಲ್ಲಿ ವರದಿ ಕೊಟ್ಟಿತು. ಹಾಲು, ಮೊಟ್ಟೆ, ಗರ್ಭಿಣಿಯರ ಊಟದ ಯೋಜನೆಗಳು ಒಂದರ ಹಿಂದೊಂದು ಬಂದವು. 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ನೆರೆಯ ಮಾನ್ವಿ ತಾಲ್ಲೂಕೂ ಸೇರಿ ಪ್ರಯೋಗವಾಗಿ ಆರಂಭವಾದ ಮಾತೃಪೂರ್ಣ, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಮೊಟ್ಟೆ. ಇಷ್ಟಾಗಿಯೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದರ ಒಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಅಂಗನವಾಡಿಗೆ ಬಂದು ಕೂರುವ ಮಗು ಮೂರು ದಾಟಿದ್ದು, ಶಾಲೆಗೆ ಹೋಗುವುದು ಆರು ಮುಟ್ಟಿದ್ದು. ಮೆದುಳೂ ಮೈಯೂ ಅತ್ಯಂತ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷಗಳಲ್ಲಿ ಕೂಸಿಗೆ ಸಿಗುತ್ತಿದ್ದುದು ಆಹಾರದ ಪೊಟ್ಟಣ, ಲಸಿಕೆ ಮತ್ತು ತೂಕದ ಪರೀಕ್ಷೆ. ತಾಯಿ ಗದ್ದೆಯಲ್ಲಿರುವ ಎಂಟು-ಹತ್ತು ಗಂಟೆಗಳ ಕಾಲ ಅದನ್ನು ಎತ್ತಿಕೊಳ್ಳುವ ಕೈ ಯಾರದೆಂಬ ಪ್ರಶ್ನೆಗೆ 1975ರ ಯೋಜನೆಯಲ್ಲಾಗಲಿ 2002ರದರಲ್ಲಾಗಲಿ ಉತ್ತರವಿರಲಿಲ್ಲ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ ಕೈಗೊಂಡದ್ದು 2023ರಲ್ಲಿ. ಅದು ಎಷ್ಟು ಫಲಕಾರಿಯಾಯಿತೆಂಬುದನ್ನು ಅಳೆಯಲು ಕೂಸುಗಳ ತೂಕದ ಜೊತೆಗೆ ಇನ್ನೊಂದು ದಾಖಲೆಯನ್ನೂ ನೋಡಬೇಕಾಗುತ್ತದೆ. ಅದು ಅದೇ ಊರಿನ ಶಾಲೆಯ ನಾಲ್ಕರಿಂದ ಏಳನೆಯ ತರಗತಿಗಳ ಹಾಜರಿ ಪುಸ್ತಕ. ಅದರಲ್ಲಿಯೂ ನಾಟಿ ಮತ್ತು ಗುಳೆಯ ತಿಂಗಳುಗಳಲ್ಲಿ ಹುಡುಗಿಯರ ಹೆಸರುಗಳ ಮುಂದಿನ ಗುರುತುಗಳು.